ಗಿಟಾರಿನ ಬೆನ್ನೊಳಗಿನ ವೈರು

ಇದನ್ನು ಹೇಳಲು ಹೊರಟಿರುವುದೇ ಸ್ವಲ್ಪ ಅಧಿಕಪ್ರಸಂಗ. ಗಿಟಾರ್ ನುಡಿಸುವವರು, ಕರೆಂಟಿನ ಕೆಲಸ ಬಲ್ಲವರು ಓದಿದರೆ ಅಲ್ಲಲ್ಲಿ ನಗಬಹುದು. ಇಷ್ಟಕ್ಕೆ ಇಷ್ಟೊಂದು ಹೆದರಿಕೆಯೇ ಎಂದೂ ಅನ್ನಬಹುದು. ರೌಫ್ ಮತ್ತು ಅವನ ಹೆಂಡತಿ ತಮ್ಮತಮ್ಮಲ್ಲಿ ಆಡಿಕೊಂಡದ್ದು ಉರ್ದುವಿನಲ್ಲಿ. ಅದನ್ನು ಇಲ್ಲಿ ಕನ್ನಡ ಮಾಡಿಕೊಂಡಿರುವುದರಲ್ಲೂ ತಪ್ಪಿರಬಹುದು. ತಿಳಿದವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅಂಗಡಿ ಗುಡಿಸುತ್ತಿದ್ದ ಫರ್ಹಾನಾ ಪೊರಕೆ ನಿಲ್ಲಿಸಿ, ಮೇಜಿನ ಕೆಳಗಿನ ಕಸದಿಂದ ಏನನ್ನೋ ಹೆಕ್ಕಿ ಬಾಗಿಲ ಬೆಳಕಿಗೆ ಹಿಡಿದಳು.

“ಇದೇನ್ರೀ ಇದು? ಬೆರಳಿಗೆ ಗಾಯ ಆದ್ರೆ ಬಟ್ಟೆ ಸುತ್ತತಾರಲ್ಲ, ಹಂಗೆ ಸುತ್ತೈತೆ.”

ಹಾರ್ಮೋನಿಯಂನ ಒಂದು ರೀಡನ್ನು ಕಣ್ಣಿಗೆ ಹತ್ತಿರ ಹಿಡಿದು ಉಜ್ಜುತ್ತಿದ್ದ ರೌಫ್ ತಲೆಯೆತ್ತಲಿಲ್ಲ. “ಟೇಪು. ಬಿಸಾಕು.”

“ಬಿಸಾಕಾ ವಸ್ತುನ ಯಾರಾದ್ರೂ ಇಷ್ಟು ನೀಟಾಗಿ ಸುತ್ತತಾರಾ? ಮೇಲೆ ದಾರ ಬೇರೆ ಕಟ್ಟೈತೆ ನೋಡ್ರಿ. ನಿಮ್ಮಂಥೋರೇ ಯಾರೋ ಇರ್ಬೇಕು, ಒಂದು ಸಲ ಸುತ್ತಿದ್ಮೇಲೆ ಮತ್ತೆ ಅನುಮಾನ ಬಂದು ಇನ್ನೊಂದು ಸಲ ಸುತ್ತೋರು.”

ಅವಳದ್ದು ತಮಾಷೆ. ರಾತ್ರಿ ಮಲಗಿದ ಮೇಲೂ ಎದ್ದು ಬಂದು ಅಂಗಡಿಯ ಸ್ವಿಚ್ಚು ಆರಿದೆಯೋ ಇಲ್ಲವೋ ಎಂದು ನೋಡಿಹೋಗುವ ಗಂಡನನ್ನು ಅವಳು ಹೀಗೆ ಆಗಾಗ ಕಿಚಾಯಿಸುವುದಿತ್ತು. ರೌಫ್ ಕೈ ಚಾಚಿ ಅದನ್ನು ಇಸಿದುಕೊಂಡ. ಕರಿ ಇನ್ಸುಲೇಷನ್ ಟೇಪು, ಸಣ್ಣ ಟೋಪಿಯ ಆಕಾರದಲ್ಲಿ ಗಟ್ಟಿಯಾಗಿಹೋಗಿತ್ತು. ಪದರದ ಮೇಲೆ ಪದರ. ಕೊನೆಯಲ್ಲಿ ಬಿಚ್ಚಿಕೊಳ್ಳದಂತೆ ಮಡಿಸಿ, ಅದರ ಮೇಲೆ ಹೊಲಿಗೆಯ ದಾರದ ಗಂಟು. ತಾನೇ ಅದನ್ನು ಇಕ್ಕಳದಲ್ಲಿ ಹಿಡಿದು ಎಳೆದು ಹಾಕಿದ್ದು ಅವನಿಗೆ ನೆನಪಾಯಿತು. ಆವತ್ತು ಅದನ್ನು ತಿರುಗಿಸಿ ಕೂಡ ನೋಡಿರಲಿಲ್ಲ.

ಈಗ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

ಆ ಟೇಪು ದುರ್ಗದ ನಿರಂಜನನ ಗಿಟಾರಿನದ್ದು. ನಿರಂಜನ್ ಹಗಲು ಬ್ಯಾಂಕಿನಲ್ಲಿ ಗುಮಾಸ್ತ. ಗಣಪತಿ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ಊರೂರು ತಿರುಗುವ ಆರ್ಕೆಸ್ಟ್ರಾದಲ್ಲಿ ಗಿಟಾರು ಅವನದ್ದೇ, ಹಾಡೂ ಅವನದ್ದೇ. ಹಿಂದಿನ ವಾರ ಹಳೆಯ ಬೆಡ್‌ಶೀಟಿನಲ್ಲಿ ಗಿಟಾರನ್ನು ಸುತ್ತಿಕೊಂಡು ಹಿರಿಯೂರಿನ ರೌಫನ ಅಂಗಡಿಗೆ ಬಂದಿದ್ದ. ಆರೂ ತಂತಿಗಳು ಬಂದು ಕೂರುವ ಲೋಹದ ಬ್ರಿಡ್ಜು ಮುಂದಕ್ಕೆ ಮುಗ್ಗರಿಸಿ, ಹಿಂಬದಿ ಮೇಲೆದ್ದು ನಿಂತಿತ್ತು. ಅದಕ್ಕೊಂದು ಹ್ಯಾಂಡಲ್. ಹ್ಯಾಂಡಲ್ ಅದುಮಿದರೆ ಬ್ರಿಡ್ಜು ಅಲ್ಲಾಡಿ ಸ್ವರ ನಡುಗಬೇಕು, ಬಿಟ್ಟರೆ ಇದ್ದ ಜಾಗಕ್ಕೇ ಬಂದು ಕೂರಬೇಕು.

“ಅದುಮಿದ್ರೆ ಹೋಗತೈತೆ ಸಾಬ್ರೇ, ವಾಪಸ್ ಬರಲ್ಲ. ಮುನಿಸ್ಕಂಡು ತವರಿಗೆ ಹೋದಂಗೆ ಆಗೈತೆ,” ಎಂದು ನಿರಂಜನ್ ನಕ್ಕಿದ್ದ.

“ನಾನು ಹಾರ್ಮೋನಿಯಂ ರಿಪೇರಿಯೋನು ಸಾರ್. ಇದನ್ನ ಯಾವತ್ತೂ ಬಿಚ್ಚಿದೋನಲ್ಲ. ಬೆಂಗ್ಳೂರಿಗೆ ಕಳ್ಸಿಬಿಡ್ರಿ.”

“ಬೆಂಗ್ಳೂರಿಗೆ ಕಳ್ಸಿದ್ರೆ ದೀಪಾವಳಿಗೆ ಬರತೈತೆ, ಗಣಪತಿ ಕಾಯ್ತಾನಾ? ಸ್ಪ್ರಿಂಗ್ ನಾನೇ ತರ್ಸೀನಿ ನೋಡ್ರಿ. ಹಾಕಕ್ಕೆ ಹೋದ್ರೆ ಮುಖಕ್ಕೆ ಹಾರತವೆ. ನಿಮ್ಮ ಕೈ ನಿಧಾನ. ನೀವೇ ಹಾಕ್ರಿ.”

ರೌಫನ ಅಪ್ಪ ಭಜನೆ ಮಂಡಳಿಗಳ, ನಾಟಕ ಕಂಪನಿಗಳ ಹಾರ್ಮೋನಿಯಂಗಳನ್ನು ರಿಪೇರಿ ಮಾಡಿ ಬದುಕಿದವನು. ಆ ಕೆಲಸ ಕಡಿಮೆಯಾದಾಗ ರೌಫ್ ಸಂಜೆ ಕ್ಲಾಸಿಗೆ ಸೇರಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಕಲಿತಿದ್ದ. ಎರಡೂ ಗೊತ್ತಿದ್ದವು, ಎರಡರಲ್ಲೂ ತನಗೆ ಗೊತ್ತಿರುವುದು ಅರ್ಧ ಎಂಬ ಅಳುಕು ಮಾತ್ರ ಹೋಗಿರಲಿಲ್ಲ.

ಗಿಟಾರನ್ನು ಮಕಾಡೆ ಮಲಗಿಸಿ ಬೆನ್ನಿನ ತಗಡು ಬಿಚ್ಚಿದರೆ ಒಳಗೊಂದು ಗೂಡು. ಬ್ರಿಡ್ಜಿನ ಕಾಲು ಆ ಗೂಡಿನೊಳಕ್ಕೆ ಇಳಿದಿತ್ತು. ಅದನ್ನು ಹಿಂದಕ್ಕೆ ಎಳೆದು ಹಿಡಿಯಲು ಸ್ಪ್ರಿಂಗುಗಳು. ಸ್ಪ್ರಿಂಗುಗಳ ಇನ್ನೊಂದು ತುದಿ ಮರಕ್ಕೆ ಬಿಗಿದ ಕೊಕ್ಕೆ ತಗಡಿಗೆ. ಮುಂದೆ ತಂತಿಗಳು ಎಳೆಯುತ್ತವೆ, ಹಿಂದೆ ಸ್ಪ್ರಿಂಗುಗಳು ಎಳೆಯುತ್ತವೆ, ಈ ಹಗ್ಗಜಗ್ಗಾಟದ ನಡುವೆ ಬ್ರಿಡ್ಜು ನೆಟ್ಟಗೆ ನಿಂತಿರಬೇಕು. ಒಂದು ಸ್ಪ್ರಿಂಗು ತುಂಡಾಗಿತ್ತು, ಉಳಿದವು ಜೋತುಬಿದ್ದಿದ್ದವು. ಮೊದಲನೆಯದನ್ನು ಬಿಡಿಸಲು ಹೋದಾಗ ಅದು ಕಿವಿಯ ಪಕ್ಕದಲ್ಲೇ ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ರೌಫ್ ಹಿಂದಕ್ಕೆ ಸರಿದು, ಎದೆ ಬಡಿತ ಇಳಿಯುವವರೆಗೆ ಅದನ್ನು ಮುಟ್ಟಲಿಲ್ಲ. ಆಮೇಲೆ ಸೈಕಲ್ ಕಡ್ಡಿ ಬಗ್ಗಿಸಿ ಒಂದು ಕೊಕ್ಕೆ ಮಾಡಿಕೊಂಡ. ಬ್ರಿಡ್ಜು ತಿರುಗುವ ಅಂಚಿನ ತುಕ್ಕನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಪೆನ್ಸಿಲ್ಲಿನ ಸೀಸ ತಿಕ್ಕಿದ. ಹಾರ್ಮೋನಿಯಂ ಮುಂದಿಟ್ಟುಕೊಂಡು ಸ್ವರ ಹಿಡಿಯುತ್ತ ಒಂದು ತಂತಿ ಬಿಗಿದರೆ ಉಳಿದ ಐದೂ ಇಳಿಯುತ್ತಿದ್ದವು. ಕೊಕ್ಕೆ ತಗಡಿನ ಸ್ಕ್ರೂ ಒಂದಿಷ್ಟು, ತಂತಿ ಒಂದಿಷ್ಟು ಬಿಗಿಯುತ್ತ ಹೋದ. ಕೊನೆಗೂ ಬ್ರಿಡ್ಜು ಮಟ್ಟಸವಾಗಿ ಕೂತಾಗ, ಅದುಮಿದ ಹ್ಯಾಂಡಲ್ ಇದ್ದ ಸ್ವರಕ್ಕೇ ವಾಪಸ್ ಬಂದಾಗ, ಯಾರೂ ಇಲ್ಲದ ಅಂಗಡಿಯಲ್ಲಿ ಅವನು ಗಟ್ಟಿಯಾಗಿ ನಕ್ಕುಬಿಟ್ಟಿದ್ದ.

ಅಲ್ಲಿಗೇ ತಗಡು ಮುಚ್ಚಬೇಕಿತ್ತು. ಗೂಡಿನ ಮೂಲೆಯಲ್ಲಿ ಒಂದು ಕರಿ ವೈರು ಮುದುರಿ ಕೂತಿದ್ದು ಕಣ್ಣಿಗೆ ಬಿತ್ತು. ಕೊಕ್ಕೆ ತಗಡಿನ ಮೇಲೆ ಹಳೆಯ ಬೆಸುಗೆಯ ಗುರುತು, ಆದರೆ ಅದಕ್ಕೆ ಏನೂ ಅಂಟಿಕೊಂಡಿರಲಿಲ್ಲ. ಕಿತ್ತುಹೋಗಿದೆ ಪಾಪ ಅಂದುಕೊಂಡ. ತುದಿಯ ಟೇಪು ಎಳೆದು ಹಾಕಿ, ವೈರನ್ನು ತಗಡಿಗೆ ಬೆಸೆದ. ತನ್ನ ಆಂಪ್ಲಿಫೈಯರಿಗೆ ಹಾಕಿ ನೋಡಿದರೆ ಮೊದಲಿದ್ದ ಗುಂಯ್ ಸದ್ದೇ ಮಾಯ! ನಿರಂಜನ್ ಬಂದವನು ನುಡಿಸಿ ನೋಡಿ, “ಅರೆ, ಗುಂಯ್ ಅನ್ನದೂ ಹೋತಲ್ಲ ಸಾಬ್ರೇ! ಏನ್ ಮಂತ್ರ ಹಾಕಿದ್ರಿ?” ಎಂದು ಬೆನ್ನು ತಟ್ಟಿದ್ದ. ವೈರಿನ ಮಾತು ಎತ್ತಿದರೆ ಜಂಬ ಕೊಚ್ಚಿಕೊಂಡಂತಾಗುತ್ತದೆ ಎಂದು ರೌಫ್ ಸುಮ್ಮನಿದ್ದ.

ಈಗ ಆ ಟೇಪು ಅಂಗೈಯಲ್ಲಿತ್ತು. ಕಿತ್ತುಹೋದ ವೈರಿಗೆ ಯಾರೂ ಹೀಗೆ ಸುತ್ತುವುದಿಲ್ಲ. ಯಾರೋ ಬೇಕೆಂದೇ ಬಿಡಿಸಿದ್ದರು.

ಯಾಕೆ ಎಂಬುದು ಅವನಿಗೆ ನಿಧಾನಕ್ಕೆ ಹೊಳೆಯಿತು. ಆ ವೈರು ಗಿಟಾರಿನ ತಂತಿಗಳನ್ನು ಆಂಪ್ಲಿಫೈಯರಿನ ಡಬ್ಬಿಗೆ ಸೇರಿಸುತ್ತದೆ. ಡಬ್ಬಿ ಸರಿಯಿದ್ದರೆ ಗುಂಯ್ ಸದ್ದು ಹೋಗುತ್ತದೆ, ಅಷ್ಟೇ. ಡಬ್ಬಿಗೇ ಕರೆಂಟು ಇಳಿದಿದ್ದರೆ ಅದು ಆರೂ ತಂತಿಗಳಿಗೆ ಬಂದು ನಿಲ್ಲುತ್ತದೆ. ಅಂಗಡಿಯಲ್ಲಿ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ವೈರು ಸರಿಯಾಗಿತ್ತು. ಪೆಂಡಾಲಿನಲ್ಲಿ? ಅಲ್ಲಿ ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಎಳೆದಿರುತ್ತಾರೆ. ಗಣಪತಿ ಕೂತಿರುವ ಸ್ಟೇಜೆಂದು ಆರ್ಕೆಸ್ಟ್ರಾದವರೆಲ್ಲ ಚಪ್ಪಲಿ ಕೆಳಗೆ ಬಿಟ್ಟು, ಮೆಟ್ಟಿಲು ಮುಟ್ಟಿ ನಮಸ್ಕರಿಸಿ, ಬರಿಗಾಲಲ್ಲಿ ಹತ್ತುತ್ತಾರೆ. ನಿರಂಜನ್ ಎಡಗೈಯಲ್ಲಿ ತಂತಿ ಒತ್ತಿಕೊಂಡು, ಕಣ್ಣು ಮುಚ್ಚಿ, ಕಬ್ಬಿಣದ ಮೈಕನ್ನು ತುಟಿಗೆ ತಾಗಿಸಿಕೊಂಡೇ ಹಾಡುವವನು. ತಂತಿಗೆ ಬಂದ ಕರೆಂಟು ಅವನ ಮೈಯೊಳಗಿಂದಲೇ ಮೈಕಿಗೂ ನೆಲಕ್ಕೂ ದಾರಿ ಹಿಡಿಯುತ್ತದೆ.

“ಇವತ್ತು ಎಲ್ಲೋ ಪ್ರೋಗ್ರಾಂ ಐತೆ ಅಂದಿದ್ದ,” ಎಂದು ರೌಫ್ ಎದ್ದ. ಕೂತಿದ್ದ ಸ್ಟೂಲು ಉರುಳಿತು.

ಮೊಬೈಲು ಇನ್ನೂ ಉಳ್ಳವರ ಜೇಬಿನಲ್ಲಷ್ಟೇ ಇದ್ದ ಕಾಲ. ಮೂಲೆಯ ಪುಟ್ಟಕ್ಕನ ಎಸ್‌ಟಿಡಿ ಬೂತಿನಿಂದ ನಿರಂಜನನ ಮನೆಗೆ ಫೋನು ಮಾಡಿದ. ಎತ್ತಿದ್ದು ಅವನ ಹೆಂಡತಿ ಸ್ವಾತಿ.

“ಅವ್ರು ಹೊಳಲ್ಕೆರೆಗೆ ಹೊರಟು ಆಗ್ಲೇ ಹೊತ್ತಾತು ಸಾಬ್ರೇ. ಅಡಿಕೆ ಮಂಡಿ ಹಿಂದಿನ ಬೀದಿ ಗಣಪತಿ. ಯಾಕೆ, ಏನಾತು?”

“ಅಲ್ಲಿ ಯಾವ್ದಾದ್ರೂ ಫೋನ್ ನಂಬರ್ ಐತೇನಮ್ಮ?”

“ಪೆಂಡಾಲಿಗೆ ಯಾವ ಫೋನು?”

“ಆ ಗಿಟಾರು... ಮೊದ್ಲು ಯಾರ್ದಮ್ಮ ಅದು?”

“ದಾವಣಗೆರೆ ಕಡೆಯೋರೊಬ್ರದ್ದು. ಅವ್ರು ತೀರ್ಕಂಡ್ಮೇಲೆ ಮನೆಯವ್ರು ಅಟ್ಟದ ಮೇಲೆ ಇಟ್ಟಿದ್ರಂತೆ. ಇವ್ರು ಹೋಗಿ ತಗಂಬಂದ್ರು.”

“ಏನಾಗಿತ್ತಂತೆ ಅವ್ರಿಗೆ?”

“ನಾನು ಕೇಳ್ಳಿಲ್ಲ. ಹಾರ್ಟು ಅಂತ ಅಂದಂಗಿತ್ತು. ಸ್ಟೇಜ್ ಮೇಲೇನೇ ಬಿದ್ರಂತೆ. ಯಾಕ್ ಸಾಬ್ರೇ ಇದನ್ನೆಲ್ಲ ಕೇಳ್ತೀರಾ?”

“ಏನಿಲ್ಲಮ್ಮ. ಒಂದು ಸ್ಕ್ರೂ ಸಡ್ಲ ಬಿಟ್ಟೀನೇನೋ ಅಂತ. ಹೋಗಿ ನೋಡ್ತೀನಿ.”

ರಿಸೀವರ್ ಇಟ್ಟಾಗ ಅದು ಅವನ ಬೆವರಿನಿಂದ ಒದ್ದೆಯಾಗಿತ್ತು. ಪುಟ್ಟಕ್ಕ ಸೆರಗಿನಿಂದ ಅದನ್ನು ಒರೆಸುತ್ತ, “ಒಂದು ಸ್ಕ್ರೂಗೆ ಇಷ್ಟು ಬೆವರ್ತಾರೇನ್ ಸಾಬ್ರೇ?” ಎಂದಳು. ಅವನು ಆಗಲೇ ರಸ್ತೆಗೆ ಇಳಿದಿದ್ದ. ಫರ್ಹಾನಾ ಹಿಂದೆಯೇ ಓಡಿಬಂದು, ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು, ಟೆಸ್ಟರು ತುಂಬಿದ ಬಟ್ಟೆ ಚೀಲ ಕೊಟ್ಟಳು. ಟೇಪಿನ ಟೋಪಿ ಅವನ ಅಂಗಿಯ ಜೇಬಿನಲ್ಲೇ ಇತ್ತು.

“ಏನೂ ಆಗಿರಲ್ಲ,” ಎಂದಳು. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ದುರ್ಗದವರೆಗೆ ಹೈವೇ ಬಸ್ಸು ಬೇಗ ಬಂತು. ಅಲ್ಲಿಂದ ಹೊಳಲ್ಕೆರೆ ಬಸ್ಸು ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ಅವನು ಸೀಟಿನ ತುದಿಯಲ್ಲಿ ಕೂತು, ಮುಂದಿನ ಸೀಟಿನ ಕಂಬಿ ಹಿಡಿದಿದ್ದ. ಕಂಡಕ್ಟರ್ ಟಿಕೆಟ್ ಹರಿಯುತ್ತ, “ಸಾಬ್ರೇ, ಹಂಗೆ ಮುಂದಕ್ಕೆ ತಳ್ಳಬ್ಯಾಡ್ರಿ, ಡ್ರೈವರಿಗೆ ಬ್ರೇಕ್ ಹಾಕಕ್ಕೆ ಆಗಲ್ಲ. ಹಿಂದಕ್ಕೆ ಒರಗಿ ಕುಂತ್ಕಳ್ರಿ,” ಎಂದ. ಸುತ್ತಲಿದ್ದವರು ನಕ್ಕರು.

ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಕಿಟಕಿಯಿಂದ ಕೈ ಹೊರಚಾಚಿ ಹನಿ ಹಿಡಿದವರೊಬ್ಬರು, “ಬರ್ಲಿ ಬಿಡಪ್ಪ, ಗಣಪ ಬರ್ತಾ ಕರ್ಕಂಬಂದ,” ಎಂದರು. ಬಸ್ಸಿನಲ್ಲಿದ್ದವರ ಮುಖವೆಲ್ಲ ಅರಳಿತು. ಒದ್ದೆ ಹಲಗೆ, ಒದ್ದೆ ಪಾದ, ಒದ್ದೆ ಕಂಬ: ರೌಫನ ಕಣ್ಣ ಮುಂದೆ ಬೇರೇನೂ ಬರಲಿಲ್ಲ. ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಮುಗಿಯುವ ಹಾಗೇ ಕಾಣಲಿಲ್ಲ. ಪ್ರತಿ ಡಬ್ಬಿ ದಾಟುವಾಗಲೂ ಅವನು, ಈಗ ಹಾಡು ಶುರುವಾಯಿತು, ಈಗ ಮೈಕಿಗೆ ಬಾಯಿ ಇಟ್ಟ, ಎಂದುಕೊಳ್ಳುತ್ತಿದ್ದ. ಸಂಜೆ ಕ್ಲಾಸಿನ ಶ್ರೀನಿವಾಸ್ ಮೇಷ್ಟ್ರು ಕೋಲಿನಿಂದ ಬೋರ್ಡು ತಟ್ಟಿ, ‘ಬಿಚ್ಚಿರೋ ವೈರು ಕಂಡ್ರೆ ಮೊದ್ಲು ಯಾಕೆ ಬಿಚ್ಚವ್ರೆ ಅಂತ ಕೇಳ್ರಪ್ಪ, ಆಮೇಲೆ ಕೈ ಹಾಕ್ರಿ’ ಎನ್ನುತ್ತಿದ್ದದ್ದು ಕಿವಿಯಲ್ಲೇ ಇತ್ತು. ಪಾಠ ನೆನಪಿತ್ತು. ಆವತ್ತು ಕೆಲಸದ ಖುಷಿಯಲ್ಲಿ ಮರೆತಿತ್ತು.

ಹೊಳಲ್ಕೆರೆಯಲ್ಲಿ ಇಳಿದಾಗ ಮಳೆ ಸಣ್ಣಗಾಗಿತ್ತು. ಮಂಡಿಯ ಕಡೆಯಿಂದ ಡ್ರಮ್ಮಿನ ಸದ್ದು, ಅದರ ಮೇಲೆ ನಿರಂಜನನ ದನಿ. ಹಾಡುತ್ತಿದ್ದಾನೆ! ರೌಫನ ಕಣ್ಣಲ್ಲಿ ನೀರು ಬಂತು. ದನಿ ಇರುವವರೆಗೆ ಪರವಾಗಿಲ್ಲ ಎಂದುಕೊಂಡು ಕೆಸರಿನಲ್ಲಿ ಓಡಿದ. ಅಡಿಕೆ ಮೂಟೆಗಳ ವಾಸನೆಯ ಬೀದಿ ದಾಟಿ ತಿರುಗಬೇಕು, ಅಷ್ಟರಲ್ಲಿ ಫಟ್ಟೆಂದು ಒಂದು ಸದ್ದಾಯಿತು. ಹಾಡು ಪದದ ಮಧ್ಯದಲ್ಲೇ ತುಂಡಾಯಿತು. ಬೀದಿಯ ದೀಪದ ಸರಗಳೆಲ್ಲ ಒಟ್ಟಿಗೆ ಆರಿದವು. ಜನ ಹೋ ಎಂದು ಕೂಗಿದರು.

ಆ ಕೂಗು ಕತ್ತಲಾದದ್ದಕ್ಕೋ, ಬೇರೆ ಏನಕ್ಕೋ ಅವನಿಗೆ ತಿಳಿಯಲಿಲ್ಲ. ಕಾಲು ಮುಂದಕ್ಕೆ ಬಾರದೆ ಒಂದು ಗೋಡೆ ಹಿಡಿದು ನಿಂತ. ಹೋಗಿ ನೋಡಬೇಕಾದದ್ದು ತಾನೇ. ಹೋಗಲಾರೆ ಅನ್ನಿಸಿತು. ಆಮೇಲೆ ಕತ್ತಲಿನಲ್ಲಿ ಯಾರೋ, “ಲೇ ಕಾಟಯ್ಯ, ಹೋಗಿ ಕಂಬ ನೋಡ್ಲೇ, ಕೊಕ್ಕೆ ಉದುರೈತೆ!” ಎಂದು ಕೂಗಿದರು. ಇನ್ಯಾರೋ ಶಿಳ್ಳೆ ಹಾಕಿದರು. ಶಿಳ್ಳೆ ಕೇಳಿದ ಮೇಲೆ ಅವನಿಗೆ ಉಸಿರು ಬಂತು.

ಸ್ಟೇಜಿನ ಮೇಲೆ ಗಣಪತಿಯ ಮುಂದಿನ ಎಣ್ಣೆ ದೀಪವೊಂದೇ ಉರಿಯುತ್ತಿತ್ತು. ಆ ಬೆಳಕಿನಲ್ಲಿ ನಿರಂಜನ್ ಗಿಟಾರು ಕೊರಳಿಗೆ ಹಾಕಿಕೊಂಡೇ, ಕರವಸ್ತ್ರದಲ್ಲಿ ತುಟಿ ಒರೆಸುತ್ತ ನಿಂತಿದ್ದ.

“ಸಾಬ್ರೇ! ಪ್ರೋಗ್ರಾಂ ನೋಡಕ್ಕೆ ಅಲ್ಲಿಂದ ಬಂದ್ರಾ?”

“ಗಿಟಾರ್ ಕೆಳಗಿಡ್ರಿ ಸಾರ್.”

“ಯಾಕೆ?”

“ಇಡ್ರಿ ಅಂದ್ನಲ್ಲ! ಆ ತಂತಿಗೆ ಕರೆಂಟ್ ಬರತೈತೆ. ನಾನೇ ಮಾಡಿದ್ದು. ಕರೆಂಟ್ ಬರಾದ್ರೊಳಗೆ ಬಿಡಿಸ್ಬೇಕು.”

ನಿರಂಜನ್ ನಗಲು ಹೊರಟವನು ತುಟಿ ಮುಟ್ಟಿಕೊಂಡ. “ಅದಕ್ಕೇನಾ? ಮೈಕಿಗೆ ಬಾಯಿ ಇಟ್ಟಾಗೆಲ್ಲ ಇರುವೆ ಕಡಿದಂಗೆ ಚುರ್ ಅಂತಿತ್ತು. ಮಳೆ ಹಿಡಿದ್ಮೇಲೆ ಜಾಸ್ತಿ ಆತು. ತುಟಿ ಒಡೆದೈತೆ ಅಂದ್ಕಂಡೆ.”

ನಿರಂಜನ್ ಗಿಟಾರನ್ನು ಕೊರಳಿನಿಂದ ತೆಗೆದು ಕೆಳಗಿಟ್ಟ.

ಮುಂದಿನ ಸಾಲಿನ ಹುಡುಗರು ಗೊಣಗತೊಡಗಿದ್ದರು. “ಯಾರಿವ್ರು? ಪ್ರೋಗ್ರಾಂ ಮಧ್ಯೆ ಗಿಟಾರ್ ಯಾಕೆ ಕಿತ್ಕಂತಾವ್ರೆ?” ರೌಫ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತ. ತಾನು ಯಾರು, ಇದು ಯಾರ ಸ್ಟೇಜು ಎಂಬುದು ಆಗಷ್ಟೇ ನೆನಪಾದಂತಿತ್ತು. ಕಂಬದ ಮೇಲಿಂದ ಕಾಟಯ್ಯ, “ಹಾಕ್ಲಾ?” ಎಂದು ಕೂಗಿದ.

“ತಡಿಯಲೇ!” ಎಂದವರು ಗೊಲ್ಲಪ್ಪನವರು, ಬೀದಿಯ ಗಣಪತಿಗೆ ಹಿರಿಯರು. ದೀಪದ ಪಕ್ಕ ಮಣೆ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. “ಬರ್ರಿ ಸಾಬ್ರೇ, ಮೇಲೆ ಬರ್ರಿ. ಅದೇನೈತೋ ಬಿಚ್ರಿ. ಲೇ, ಬ್ಯಾಟ್ರಿ ಹಿಡೀರಿ ಇವ್ರಿಗೆ.”

ಚಪ್ಪಲಿ ಕೆಳಗೆ ಬಿಟ್ಟು ರೌಫ್ ಹತ್ತಿದ. ಒದ್ದೆ ಹಲಗೆ ಪಾದಕ್ಕೆ ತಣ್ಣಗೆ ತಾಗಿತು. ಗಿಟಾರನ್ನು ಮಕಾಡೆ ಮಲಗಿಸಿ ತಗಡು ಬಿಚ್ಚುವಾಗ ಸ್ಕ್ರೂಡ್ರೈವರು ಜಾರಿ ಮರಕ್ಕೆ ಗೀರು ಬಿತ್ತು. ಬ್ಯಾಟರಿಯ ಬೆಳಕಿನಲ್ಲಿ ಅವನ ಬೆಸುಗೆ ಫಳಫಳ ಹೊಳೆಯುತ್ತಿತ್ತು. ಎಷ್ಟು ಚಂದ ಬೆಸೆದಿದ್ದ! ಪ್ಲೇಯರಿನಲ್ಲಿ ಅದನ್ನು ಕತ್ತರಿಸಿದ. ಜೇಬಿನಿಂದ ಟೇಪು ತೆಗೆದು ವೈರಿನ ತುದಿಗೆ ಇಟ್ಟರೆ ಅದು ತನ್ನ ಹಳೆಯ ಸುರುಳಿಯನ್ನೇ ಹಿಡಿದು ತಾನಾಗಿ ಸುತ್ತಿಕೊಂಡಿತು. ದಾರದ ಗಂಟನ್ನು ಮಾತ್ರ ಅವನು ಹೊಸದಾಗಿ ಕಟ್ಟಬೇಕಾಯಿತು. ಒಂದು ಸಲ ಕಟ್ಟಿದ. ಅನುಮಾನ ಬಂದು ಇನ್ನೊಂದು ಸಲ ಕಟ್ಟಿದ.

ಕರೆಂಟು ಬಂತು. ಯಾರೂ ಏನನ್ನೂ ಮುಟ್ಟಬೇಡಿ ಎಂದು ಹೇಳಿ, ರೌಫ್ ಟೆಸ್ಟರನ್ನು ಆಂಪ್ಲಿಫೈಯರಿನ ಡಬ್ಬಿಗೆ ಇಟ್ಟ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ನಿಚ್ಚಳವಾಗಿ ಹತ್ತಿತು. ಅಲ್ಲಿಯವರೆಗೆ ಗೊಣಗುತ್ತಿದ್ದ ಹುಡುಗರು ಸದ್ದಿಲ್ಲದೆ ಸ್ಟೇಜಿನಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು.

“ಅದು ಮಳೆ ಬಂದ್ರೆ ಹಂಗೇ ಹತ್ತತೈತೆ,” ಎಂದ ಕಾಟಯ್ಯ, ಕಂಬದಿಂದ ಇಳಿದು ಬಂದು. ಅವನ ದನಿ ಕುಗ್ಗಿತ್ತು. ಎರಡು ಪಿನ್ನಿನ ಪ್ಲಗ್ಗು ಕಿತ್ತು ತಿರುಗಿಸಿ ಹಾಕಿದ. ಕೆಂಪು ದೀಪ ಆರಿತು. “ಈಗ ಸರಿಹೋತು ನೋಡ್ರಿ.”

“ಇಲ್ಲಿ ಸರಿಹೋತಪ್ಪ. ನಾಳೆ ಇನ್ನೊಂದೂರು,” ಎಂದ ರೌಫ್.

ಗೊಲ್ಲಪ್ಪನವರು ತಾವು ಕೂತಿದ್ದ ಮಣೆಯನ್ನು ಎತ್ತಿ, ಪಂಚೆಯ ಚುಂಗಿನಿಂದ ಒರೆಸಿ, ಮೈಕಿನ ಮುಂದೆ ಇಟ್ಟರು. “ಇದರ ಮ್ಯಾಲೆ ನಿಂತ್ಕಂಡು ಹಾಡಪ್ಪ. ಒಣ ಮರ. ದೇವ್ರೇನೂ ಬ್ಯಾಸರ ಮಾಡ್ಕಳಲ್ಲ.”

ನಿರಂಜನ್ ಮಣೆಯ ಮೇಲೆ ಹಸೆಗೆ ನಿಂತ ಮದುಮಗನ ಹಾಗೆ ನಿಂತ. ಯಾರೋ ಹಾಗೆಂದು ಕೂಗಿಯೂ ಕೂಗಿದರು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಅವನು ನಗಲಿಲ್ಲ. ಮೈಕಿಗೆ ಬಾಯಿ ತರುವ ಮೊದಲು ಒಮ್ಮೆ ಕೆಳಗೆ ನಿಂತಿದ್ದ ರೌಫನ ಕಡೆ ನೋಡಿದ. ರೌಫ್ ತಲೆಯಾಡಿಸಿದ. ತನಗೆ ಗೊತ್ತು ಎಂಬಂತೆ ತಲೆಯಾಡಿಸಿದ. ಮೈಕಿಗೂ ತುಟಿಗೂ ಮಧ್ಯೆ ನಾಲ್ಕು ಬೆರಳು ಜಾಗ ಬಿಟ್ಟು ನಿರಂಜನ್ ಹಾಡು ಎತ್ತಿಕೊಂಡ.

ಬೇರೆಯವರು ಹಾಡು ಕೇಳುತ್ತಿದ್ದರು. ರೌಫ್ ಕೇಳುತ್ತಿದ್ದದ್ದು ಹಾಡಿನ ಮಧ್ಯೆ, ಪದ ನಿಂತಾಗ, ಸ್ಪೀಕರಿನಿಂದ ಬರುತ್ತಿದ್ದ ಗುಂಯ್ ಸದ್ದನ್ನು. ಹಿಂದಿನ ವಾರ ಅಷ್ಟು ಹೆಮ್ಮೆಯಿಂದ ತಾನೇ ಓಡಿಸಿದ್ದ ಸದ್ದು. ಅದು ಇರುವವರೆಗೆ ವೈರು ಬಿಟ್ಟೇ ಇದೆ ಎಂದು ಅರ್ಥ. ಅದು ಇದೆಯಲ್ಲ, ಇದೆಯಲ್ಲ ಎಂದು, ಜ್ವರದ ಮಗುವಿನ ಉಸಿರು ಆಲಿಸುವವರ ಹಾಗೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಆಲಿಸುತ್ತ ನಿಂತಿದ್ದ. ಹಾಕಿಕೊಳ್ಳುವುದು ಅವನಿಗೆ ಮರೆತಿತ್ತು.

ಆ ವೈರನ್ನು ಮೊದಲು ಬಿಡಿಸಿ ಟೇಪು ಸುತ್ತಿದವರು ಯಾರೋ ತಿಳಿಯಲಿಲ್ಲ. ದಾವಣಗೆರೆ ಕಡೆಯ ಆ ಮನುಷ್ಯನೇ ಹೆದರಿ ಸುತ್ತಿಕೊಂಡಿದ್ದನೋ, ಅವನು ಸ್ಟೇಜಿನ ಮೇಲೆ ಬಿದ್ದ ಮೇಲೆ ಮನೆಯವರು ಯಾರಾದರೂ ಸುತ್ತಿ ಅಟ್ಟಕ್ಕೆ ಹಾಕಿದರೋ, ಅವನದ್ದು ನಿಜವಾಗಿ ಹಾರ್ಟಿನ ತೊಂದರೆಯೋ, ಸ್ವಾತಿಗೆ ಗೊತ್ತಿರಲಿಲ್ಲ. ನಿರಂಜನ್ ಹೋಗಿ ಕೇಳಲಿಲ್ಲ. ರೌಫನಿಗೆ ಕೇಳುವ ಧೈರ್ಯ ಬರಲಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.